ಕೊಲೆಗಡುಕ ಮೊಲ, ಹಾರುವ ಶಾರ್ಕ್: ಕದ್ದು ನೋಡುವ ಸಿನಿಮಾಗೆ ನಾಚಬೇಕಾ?

ಪ್ರಶ್ನೆ: ಸರ್, ನನಗೆ 39 ವರ್ಷ. ದಾವಣಗೆರೆಯಲ್ಲಿ ಒಂದು ಅಕ್ಕಿ ಗಿರಣಿಯ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಊರಿನ ಫಿಲ್ಮ್ ಸೊಸೈಟಿಯಲ್ಲೂ ಇದ್ದೇನೆ. ಅಲ್ಲಿ ಒಳ್ಳೊಳ್ಳೆಯ ಸಿನಿಮಾ ನೋಡುತ್ತೇವೆ, ಚರ್ಚೆಯಲ್ಲಿ ನಾನೂ ಮಾತಾಡುತ್ತೇನೆ. ಆದರೆ ಶನಿವಾರ ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ನಾನು ನೋಡುವುದೇ ಬೇರೆ. ಶಾರ್ಕ್, ಮೊಸಳೆ, ಜೇಡ, ಹೆಬ್ಬಾವು ಜನರನ್ನು ತಿನ್ನುವ ಅಗ್ಗದ ಇಂಗ್ಲಿಷ್ ಸಿನಿಮಾಗಳು. ಪ್ರಾಣಿ ಪ್ಲಾಸ್ಟಿಕ್ ಅಂತ ಗೊತ್ತಾಗುತ್ತದೆ, ನಟನೆ ಕೆಟ್ಟದಾಗಿರುತ್ತದೆ, ಆದರೂ ಎದ್ದು ಹೋಗಲು ಮನಸ್ಸು ಬರುವುದಿಲ್ಲ. "ಇಷ್ಟು ಓದಿಕೊಂಡವರು ಇಂಥದ್ದು ನೋಡ್ತೀರಲ್ಲ, ತಲೆ ಮೊಂಡಾಗುತ್ತೆ" ಅಂತ ನನ್ನ ಹೆಂಡತಿ ಬೈಯುತ್ತಾಳೆ. ಸೊಸೈಟಿಯ ಗೆಳೆಯರಿಗೆ ಇವತ್ತಿನವರೆಗೂ ಹೇಳಿಲ್ಲ. ಹೋದ ತಿಂಗಳು ಏಳು ವರ್ಷದ ಮಗಳು ನಡುರಾತ್ರಿ ಎದ್ದು ಬಂದು, ನನ್ನ ಬೆನ್ನ ಹಿಂದೆ ನಿಂತು ಶಾರ್ಕ್ ದೃಶ್ಯವೊಂದನ್ನು ನೋಡಿಬಿಟ್ಟಳು. ಆಮೇಲೆ ಸೂಳೆಕೆರೆಗೆ ಹೋದಾಗ ನೀರಿಗೆ ಕಾಲೇ ಇಡಲಿಲ್ಲ. ನನ್ನ ರುಚಿ ಕೆಟ್ಟಿದೆಯಾ? ಇದನ್ನೆಲ್ಲ ಬಿಡಬೇಕಾ? ಮಗಳಿಗೆ ಏನು ಹೇಳಲಿ?

(ಹೆಸರು ಬೇಡ ಎಂದಿದ್ದಾರೆ, ದಾವಣಗೆರೆ)

ಉತ್ತರ: ನಿಮ್ಮ ಪತ್ರದಲ್ಲಿ ಬೇರೆ ಬೇರೆ ಚಿಂತೆಗಳು ಒಂದಕ್ಕೊಂದು ಗಂಟು ಬಿದ್ದಿವೆ. ರುಚಿ ಕೆಟ್ಟಿದೆಯೇ ಅನ್ನುವುದು ಒಂದು. ತಲೆ ಮೊಂಡಾಗುತ್ತದೆಯೇ ಅನ್ನುವುದು ಇನ್ನೊಂದು. ಮಗಳ ಭಯ ಪೂರ್ತಿ ಬೇರೆ ವಿಷಯ, ಅದನ್ನು ಉಳಿದೆರಡರ ಜೊತೆ ಕಲಸಬೇಡಿ. ನಾನು ಸಿನಿಮಾ ಸಂಕಲನ ಮಾಡುವವನು, ಅದನ್ನೇ ಹುಡುಗ ಹುಡುಗಿಯರಿಗೆ ಕಲಿಸುವವನು. ಹಾಗಾಗಿ ಎಡಿಟಿಂಗ್ ಮೇಜಿನ ಮುಂದೆ ಕೂತವನಿಗೆ ಕಾಣುವುದನ್ನು ಹೇಳುತ್ತೇನೆ. ಪ್ಲಾಸ್ಟಿಕ್ ಶಾರ್ಕ್ ನೋಡಿ ಖುಷಿಪಟ್ಟಿದ್ದಕ್ಕೆ ನೀವು ನಾಚಬೇಕಿಲ್ಲ. ಈ ಸಿನಿಮಾಗಳಲ್ಲಿ ನಾಚಬೇಕಾದ ಸಂಗತಿ ಇನ್ನೊಂದಿದೆ, ಅದನ್ನು ನೀವು ಕೇಳಿಯೇ ಇಲ್ಲ. ಅಲ್ಲಿಗೂ ಬರುತ್ತೇನೆ.

ಮೊದಲು ನಿಮ್ಮ ಮನೆಯವರ ಮಾತು. ಇಂಥ ಸಿನಿಮಾ ನೋಡುವವರು ದಡ್ಡರು, ಬೇರೆ ಗತಿ ಇಲ್ಲದವರು ಅನ್ನುವ ನಂಬಿಕೆ ತುಂಬಾ ಹಳೆಯದು. ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿರುವ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯೊಂದರ ಸಂಶೋಧಕರು 2016ರಲ್ಲಿ ಇದನ್ನೇ ಪರೀಕ್ಷಿಸಿದರು. 'ಕಸದ ಸಿನಿಮಾ' ಅನ್ನಿಸಿಕೊಂಡವನ್ನು ಆಸೆಪಟ್ಟು ನೋಡುವವರನ್ನು ಹುಡುಕಿ ಕೇಳಿದರು. ಸಿಕ್ಕವರಲ್ಲಿ ಹೆಚ್ಚಿನವರು ಸರಾಸರಿಗಿಂತ ಜಾಸ್ತಿ ಓದಿಕೊಂಡವರು. ಕಲಾತ್ಮಕ ಸಿನಿಮಾವನ್ನೂ ನೋಡುತ್ತಾರೆ, ಕಸವನ್ನೂ ನೋಡುತ್ತಾರೆ. ಅಂದರೆ ಥೇಟ್ ನಿಮ್ಮ ಹಾಗೆ. ಹಾಗಂತ ಈ ಕಾಗದ ತೋರಿಸಿ ಮನೆಯಲ್ಲಿ ವಾದ ಗೆಲ್ಲಲು ಹೋಗಬೇಡಿ. ಓದಿಕೊಂಡವರು ಇಂಥದ್ದನ್ನು ನೋಡುತ್ತಾರೆ ಅಂದರೆ ನೋಡಿದರೆ ಜಾಣರಾಗುತ್ತಾರೆ ಅಂತ ಅರ್ಥವಲ್ಲ. ಮೊಂಡಾಗುತ್ತಾರೆ ಅನ್ನುವುದಕ್ಕೂ ಆಧಾರವಿಲ್ಲ, ಅಷ್ಟೇ. ಶನಿವಾರ ರಾತ್ರಿ ನಿದ್ದೆಗೆಟ್ಟು ಭಾನುವಾರ ಮನೆಯವರ ಮೇಲೆ ಸಿಡುಕುತ್ತೀರಿ ಅಂದರೆ ಅದು ನಿಜವಾದ ದೂರು. ಆ ತಪ್ಪನ್ನು ಶಾರ್ಕ್ ಮೇಲೆ ಹಾಕಲು ಬರುವುದಿಲ್ಲ.

ಕೆಟ್ಟದ್ದು ಅಂತ ಗೊತ್ತಿದ್ದೂ ಯಾಕೆ ಎದ್ದು ಹೋಗಲಾಗುವುದಿಲ್ಲ? ಪಾಲ್ ರೋಜಿನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಮೆಣಸಿನಕಾಯಿ ತಿನ್ನುವವರನ್ನು ಬಹಳ ಕಾಲ ಅಧ್ಯಯನ ಮಾಡಿದವರು. ಬಾಯಿ ಉರಿಯುತ್ತದೆ, ಕಣ್ಣಲ್ಲಿ ನೀರು ಬರುತ್ತದೆ, ಮೈ 'ಅಪಾಯ' ಅಂತ ಕೂಗುತ್ತದೆ. ಮನಸ್ಸಿಗೆ ಮಾತ್ರ ಏನೂ ಆಗುವುದಿಲ್ಲ ಅಂತ ಗೊತ್ತು. ಆ ಎರಡರ ನಡುವಿನ ಜಾಗದಲ್ಲೇ ಖುಷಿ ಇದೆ ಅನ್ನುತ್ತಾರೆ ಅವರು. ಮಂಡಕ್ಕಿ ಜೊತೆ ಮೆಣಸಿನಕಾಯಿ ಬಜ್ಜಿ ಕಚ್ಚುವ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎಲ್ಲ ಭಯದ ಸಿನಿಮಾಗಳೂ ಈ ಲೆಕ್ಕದಲ್ಲೇ ನಡೆಯುತ್ತವೆ. ಆದರೆ ನೀವು ಹೇಳುವ ಸಿನಿಮಾಗಳಲ್ಲಿ ಇದರ ಮೇಲೆ ಇನ್ನೊಂದು ಖುಷಿಯೂ ಇದೆ. ನನ್ನ ಮಟ್ಟಿಗೆ ಅದೇ ದೊಡ್ಡದು: ಸಿನಿಮಾ ಹೇಗೆ ಮಾಡಿದರು ಅನ್ನುವುದು ಪರದೆಯ ಮೇಲೇ ಕಾಣುತ್ತದೆ. ಹೊಲಿಗೆ ಬಿಚ್ಚಿಕೊಂಡಿರುತ್ತದೆ.

'ದಿ ಕಿಲ್ಲರ್ ಶ್ರೂಸ್' ಅಂತ 1959ರ ಕಪ್ಪು ಬಿಳುಪು ಸಿನಿಮಾ ಇದೆ. ಕೊಲೆಗಡುಕ ಸುಂಡಿಲಿಗಳ ಕಥೆ. ಹೌದು, ರಾತ್ರಿ ಅಡುಗೆಮನೆಯ ಗೋಡೆಯಂಚಲ್ಲಿ ಕಿಚಕಿಚ ಅನ್ನುತ್ತಾ ಓಡುವ ಉದ್ದ ಮೂತಿಯ ಸುಂಡಿಲಿಯೇ. ದ್ವೀಪವೊಂದರಲ್ಲಿ ವಿಜ್ಞಾನಿಗಳ ಪ್ರಯೋಗ ಕೈತಪ್ಪಿ ಅವು ನಾಯಿಯಷ್ಟು ದೊಡ್ಡದಾಗುತ್ತವೆ. ನಾಯಿಯಷ್ಟು ಅಂತ ಸುಮ್ನೆ ಹೇಳಲಿಲ್ಲ. ಅವು ನಾಯಿಗಳೇ. ಬೇಟೆನಾಯಿಗಳಿಗೆ ಜೂಲು ಜೂಲಿನ ಹೊದಿಕೆ ಕಟ್ಟಿ ಓಡಿಸಿದ್ದಾರೆ. ದೂರದ ಶಾಟ್‌ನಲ್ಲಿ ನಾಯಿ ಓಡುತ್ತದೆ. ಹತ್ತಿರಕ್ಕೆ ಬಂದ ಕೂಡಲೇ ಅದರ ಬದಲು ಉದ್ದ ಹಲ್ಲಿನ ಕೈಬೊಂಬೆ ಹಲಗೆಯ ಸಂದಿಯಲ್ಲಿ ಮೂತಿ ತೂರಿಸುತ್ತದೆ. ಮತ್ತೆ ನಾಯಿ, ಮತ್ತೆ ಬೊಂಬೆ. ಈ ಎರಡನ್ನು ಸೇರಿಸಿ ಒಂದು ಪ್ರಾಣಿ ಮಾಡಲು ಆ ಸಂಕಲನಕಾರ ಎಷ್ಟು ಒದ್ದಾಡಿರಬೇಕು ಅಂತ ಯೋಚಿಸಿದರೆ ನನಗೆ ಈಗಲೂ ನಗುವಿನ ಜೊತೆ ಗೌರವವೂ ಬರುತ್ತದೆ.

ಕೊನೆಗೆ ಬದುಕುಳಿದವರು ಖಾಲಿ ಡ್ರಮ್ಮುಗಳನ್ನು ಒಟ್ಟಿಗೆ ಕಟ್ಟಿ, ಅವುಗಳೊಳಗೆ ಕುಕ್ಕರುಗಾಲಲ್ಲಿ ಕೂತು, ಒಂದೊಂದೇ ಹೆಜ್ಜೆ ಸರಿಯುತ್ತಾ ಸಮುದ್ರದ ಕಡೆ ಹೋಗುತ್ತಾರೆ. ಸುತ್ತ ಜೂಲು ಕಟ್ಟಿದ ನಾಯಿಗಳು. ನೋಡಲು ತಮಾಷೆ. ಆದರೆ ಉಪಾಯ ನಿಜಕ್ಕೂ ಚೆನ್ನಾಗಿದೆ ಅಲ್ವಾ? ಕೈಯಲ್ಲಿ ಡ್ರಮ್ಮು ಬಿಟ್ಟು ಬೇರೇನೂ ಇಲ್ಲದವರು ಡ್ರಮ್ಮಿನಲ್ಲೇ ಪಾರಾಗುತ್ತಾರೆ. ಸಿನಿಮಾ ಮಾಡಿದವರ ಕಥೆಯೂ ಹೆಚ್ಚುಕಡಿಮೆ ಅದೇ. ಅಂದಹಾಗೆ ಇದರಲ್ಲಿ ಸುಂಡಿಲಿಯ ಜೊಲ್ಲು ವಿಷ ಅಂತ ತೋರಿಸುತ್ತಾರೆ. ಕಥೆಯಲ್ಲಿ ಕೊಡುವ ಕಾರಣ ಬೊಗಳೆ. ಆದರೆ ಉತ್ತರ ಅಮೆರಿಕದಲ್ಲಿ ಗಿಡ್ಡ ಬಾಲದ ಒಂದು ಜಾತಿಯ ಸುಂಡಿಲಿಗೆ ನಿಜವಾಗಿಯೂ ವಿಷದ ಜೊಲ್ಲಿದೆ. ಇಂಥ ಸಿನಿಮಾಗಳಲ್ಲಿ ಹೀಗೆ ಒಂದು ಚೂರು ನಿಜ ಎಲ್ಲೋ ಅಂಟಿಕೊಂಡಿರುತ್ತದೆ.

ಈ ಸಿನಿಮಾ ತೆಗೆದ ದುಡ್ಡು ಯಾರದು ಗೊತ್ತಾ? ಟೆಕ್ಸಸ್‌ನಲ್ಲಿ ರೇಡಿಯೊ ಕೇಂದ್ರಗಳನ್ನೂ, ಕಾರಿನಲ್ಲೇ ಕೂತು ನೋಡುವ ಬಯಲು ಥಿಯೇಟರುಗಳನ್ನೂ ಇಟ್ಟುಕೊಂಡಿದ್ದ ಗಾರ್ಡನ್ ಮೆಕ್‌ಲೆಂಡನ್ ಅವರದು. ತಮ್ಮ ಪರದೆಗೆ ಒಂದೇ ಟಿಕೆಟ್‌ಗೆ ಎರಡು ಸಿನಿಮಾ ಬೇಕಿತ್ತು, ತಾವೇ ಮಾಡಿಸಿದರು. ಈ ಸಿನಿಮಾದಲ್ಲಿ ಒಂದು ಪಾತ್ರವನ್ನೂ ಮಾಡಿದರು. ಜೋಡಿಯ ಇನ್ನೊಂದು ಸಿನಿಮಾ ದೈತ್ಯ ಹಲ್ಲಿಯದು. ಇಲ್ಲಿಂದ ನಿಮಗೆ ಮೂಲ ಕಾರಣ ಸಿಗುತ್ತದೆ: ಪ್ರಾಣಿಗೆ ಸಂಭಾವನೆ ಇಲ್ಲ, ಡೇಟ್ಸ್ ಕೇಳುವುದಿಲ್ಲ, ಸಂಭಾಷಣೆ ಮರೆಯುವುದಿಲ್ಲ. ಹೆಸರಿರುವ ನಾಯಕ ಬೇಡ, ಪೋಸ್ಟರ್ ಮೇಲೆ ಬಾಯಿ ತೆರೆದ ಪ್ರಾಣಿ ಸಾಕು. ಒಂದು ದ್ವೀಪವೋ, ದೋಣಿಯೋ, ಕಾಡಿನ ಗುಡಿಸಲೋ ಇದ್ದರೆ ಏಳೆಂಟು ಜನರಲ್ಲಿ ಕೆಲಸ ಮುಗಿಯುತ್ತದೆ. ಅಮೆರಿಕದ ಎಐಪಿ (ಅಮೆರಿಕನ್ ಇಂಟರ್‌ನ್ಯಾಷನಲ್ ಪಿಕ್ಚರ್ಸ್) ಎಂಬ ಅಗ್ಗದ ಸಿನಿಮಾ ಕಂಪನಿಯವರಂತೂ ಹೆಸರು, ಪೋಸ್ಟರ್ ಮೊದಲು ಮಾಡಿಸಿ, ಅದು ಓಡುತ್ತೆ ಅನ್ನಿಸಿದರೆ ಮಾತ್ರ ಕಥೆ ಬರೆಸುತ್ತಿದ್ದರು. ಅವರದೇ 'ಫ್ರಾಗ್ಸ್' (1972) ಪೋಸ್ಟರ್‌ನಲ್ಲಿ ಕಪ್ಪೆಯ ಬಾಯಿಂದ ಮನುಷ್ಯನ ಕೈ ನೇತಾಡುತ್ತಿದೆ. ಸಿನಿಮಾದಲ್ಲಿ ಕಪ್ಪೆಗಳು ಮಾಡುವುದು ವಟಗುಟ್ಟುವುದು, ಸುಮ್ನೆ ಕೂರುವುದು. ಕೊಲ್ಲುವ ಕೆಲಸವೆಲ್ಲ ಹಾವು, ಜೇಡ, ಹಲ್ಲಿಗಳಿಗೆ ಗುತ್ತಿಗೆ.

ಈ ದಂಧೆಗೆ ನಿಜವಾದ ಬಾಗಿಲು ತೆರೆದದ್ದು 1975. ಆ ವರ್ಷದ ಜೂನ್‌ನಲ್ಲಿ 'ಜಾಸ್' ಬಂತು. ಅದು ಅಗ್ಗದ ಸಿನಿಮಾ ಅಲ್ಲ, ಆದರೆ ಅದನ್ನು ಅರ್ಥ ಮಾಡಿಕೊಳ್ಳದೆ ನಿಮ್ಮ ಶನಿವಾರದ ಸಿನಿಮಾಗಳು ಅರ್ಥವಾಗುವುದಿಲ್ಲ. ಯಂತ್ರದ ಶಾರ್ಕನ್ನು ಸಿಹಿನೀರಿನಲ್ಲಿ ಪರೀಕ್ಷಿಸಿ ಸಮುದ್ರಕ್ಕೆ ಇಳಿಸಿದರು. ಉಪ್ಪುನೀರಿಗೆ ಅದು ಪದೇ ಪದೇ ಕೆಟ್ಟು ನಿಂತಿತು. 55 ದಿನ ಅಂದುಕೊಂಡಿದ್ದ ಚಿತ್ರೀಕರಣ 159 ದಿನಕ್ಕೆ ಹೋಯಿತು. ಶಾರ್ಕ್ ಇಲ್ಲದೆ ಶಾರ್ಕ್ ಸಿನಿಮಾ ಮಾಡಬೇಕಾಯಿತು. ಅದಕ್ಕೇ ನೀರಿನ ಮೇಲೆ ಓಡುವ ಹಳದಿ ಪೀಪಾಯಿ, ನೀರಿನೊಳಗಿಂದ ನೋಡುವ ಕ್ಯಾಮೆರಾ, ಎರಡೇ ಸ್ವರದ ಸಂಗೀತ. ಶಾರ್ಕ್ ಇನ್ನೂ ಒಂದೆರಡು ಫ್ರೇಮ್ ಜಾಸ್ತಿ ಕಂಡಿದ್ದರೆ ಅದು ತೇಲುವ ರಬ್ಬರ್ ಅಂತ ಗೊತ್ತಾಗುತ್ತಿತ್ತು. ಒಂದು ಸೆಕೆಂಡಿಗೆ 24 ಫ್ರೇಮ್ ಅಂತ ನೆನಪಿಡಿ. ಅಷ್ಟು ಸಣ್ಣ ಅಂತರದಲ್ಲಿ ಭಯವೂ ನಗುವೂ ಅಕ್ಕಪಕ್ಕ ಇರುತ್ತವೆ. ಸಂಕಲನ ಮಾಡಿದ ವರ್ನಾ ಫೀಲ್ಡ್ಸ್ ಅವರಿಗೆ ಆಸ್ಕರ್ ಸುಮ್ಮನೆ ಬರಲಿಲ್ಲ.

ಹಣ ಕಂಡ ಮೇಲೆ ಎಲ್ಲರೂ ನೀರಿಗೆ ಧುಮುಕಿದರು. ಮರುವರ್ಷವೇ 'ಗ್ರಿಜ್ಲಿ' ಬಂತು. ಶಾರ್ಕ್ ಇದ್ದ ಕಡೆ ಕರಡಿ, ಕಡಲತೀರ ಇದ್ದ ಕಡೆ ಕಾಡು, ಪೊಲೀಸ್ ಇದ್ದ ಕಡೆ ಅರಣ್ಯ ಅಧಿಕಾರಿ. ಬೀಚ್ ಮುಚ್ಚಲು ಒಪ್ಪದ ಮೇಯರ್ ಬದಲು ಉದ್ಯಾನ ಮುಚ್ಚಲು ಒಪ್ಪದ ಮೇಲಧಿಕಾರಿ. ಸುಮಾರು 7.5 ಲಕ್ಷ ಡಾಲರ್‌ನಲ್ಲಿ ಮಾಡಿದ್ದು ಹತ್ತಾರು ಪಟ್ಟು ದುಡಿಯಿತು. 1978ರಲ್ಲಿ ಅಗ್ಗದ ಸಿನಿಮಾಗಳಿಗೇ ಹೆಸರಾದ ನಿರ್ಮಾಪಕ ರಾಜರ್ ಕಾರ್ಮನ್ ಕಂಪನಿಯ 'ಪಿರಾನ್ಹಾ'. ಕೋಲಿನ ತುದಿಗೆ ಸಿಕ್ಕಿಸಿದ ರಬ್ಬರ್ ಮೀನುಗಳು. ಕ್ಯಾಮೆರಾವನ್ನು ನಿಧಾನಕ್ಕೆ ಓಡಿಸಿ ಚಿತ್ರಿಸಿ ಮಾಮೂಲಿ ವೇಗದಲ್ಲಿ ತೋರಿಸಿದಾಗ ಅವು ಪಟಪಟ ಅಂತ ಕಚ್ಚಿದ ಹಾಗೆ ಕಾಣುತ್ತವೆ. ಆ ರಬ್ಬರ್ ಮೀನಿನ ಗುಂಪಿನಲ್ಲಿ ಕೆಲಸ ಮಾಡಿದ ಫಿಲ್ ಟಿಪ್ಪೆಟ್, ಕ್ರಿಸ್ ವಾಲಸ್ ಮುಂದೆ ಬೇರೆ ಸಿನಿಮಾಗಳಿಗೆ ಆಸ್ಕರ್ ಪಡೆದರು. ಅದರ ಚಿತ್ರಕಥೆ ಬರೆದ ಜಾನ್ ಸೇಲ್ಸ್ ಸಿಕ್ಕ ದುಡ್ಡನ್ನು ಸೇರಿಸಿ ತಮ್ಮ ಮೊದಲ ಗಂಭೀರ ಸಿನಿಮಾ ಮಾಡಿದರು. ಇದನ್ನು ನಿಮ್ಮ ಸೊಸೈಟಿಯವರಿಗೆ ಹೇಳಿ ನೋಡಿ, ಮೂಗು ಮುರಿಯುವುದು ಸ್ವಲ್ಪ ಕಡಿಮೆಯಾಗಬಹುದು.

ದುಡ್ಡು ಕಡಿಮೆ, ಅದಕ್ಕೇ ಸಿನಿಮಾ ಕೆಟ್ಟದು ಅನ್ನುವುದನ್ನೂ ನಾನು ಒಪ್ಪುವುದಿಲ್ಲ. 1997ರ 'ಅನಕೊಂಡ'ಕ್ಕೆ ಕೋಟಿಗಟ್ಟಲೆ ಡಾಲರ್ ಸುರಿದಿದ್ದರು. ಅದರಲ್ಲಿ ದೋಣಿ ಹಿಂದಕ್ಕೆ ಹೋಗುವ ಶಾಟ್ ಒಂದಿದೆ, ಅಲ್ಲಿ ಹಿನ್ನೆಲೆಯ ಜಲಪಾತವನ್ನು ನೋಡಿ. ನೀರು ಕೆಳಗಿಂದ ಮೇಲಕ್ಕೆ ಏರುತ್ತಿದೆ! ಮುಂದಕ್ಕೆ ಹೋಗುವ ಶಾಟನ್ನೇ ತಿರುಗಿಸಿ ಹಾಕಿದ್ದಾರೆ. ಇದಕ್ಕೆ ಎದುರಾಗಿ 2003ರ 'ಓಪನ್ ವಾಟರ್' ಇಡಿ. ಗಂಡ ಹೆಂಡತಿ ಇಬ್ಬರು ಸೇರಿ ಸುಮಾರು 1.3 ಲಕ್ಷ ಡಾಲರ್‌ನಲ್ಲಿ ಡಿಜಿಟಲ್ ಕ್ಯಾಮೆರಾದಲ್ಲಿ ಮಾಡಿದ್ದು. ಬಹಾಮಾಸ್‌ನ ನಿಜವಾದ ಸಮುದ್ರ, ನಿಜವಾದ ಶಾರ್ಕ್‌ಗಳು. ನಟರು ಈಜುಡುಗೆಯ ಒಳಗೆ ಉಕ್ಕಿನ ಬಳೆಯ ಕವಚ ತೊಟ್ಟಿದ್ದರು. ಕಥೆಯಲ್ಲಿ ದೋಣಿ ತಮ್ಮನ್ನು ಬಿಟ್ಟು ಹೋದ ಮೇಲೆ ಇಬ್ಬರೇ ತೇಲುತ್ತಾ ಒಬ್ಬರ ಮೇಲೊಬ್ಬರು ತಪ್ಪು ಹೊರಿಸಿಕೊಂಡು ಜಗಳ ಆಡುತ್ತಾರೆ. ಕೆಳಗೆ ಏನೋ ಕಾಲು ಸವರಿ ಹೋಗುತ್ತದೆ. ಅಷ್ಟೇ. ನೋಡಿ ಎದ್ದಾಗ ನಗು ಬರುವುದಿಲ್ಲ.

ಹಾಗಾದರೆ ಎಲ್ಲಿ ಕೆಡುತ್ತದೆ? ನನ್ನ ಅನುಭವದಲ್ಲಿ ಗ್ರಾಫಿಕ್ಸ್‌ಗಿಂತ ಮೊದಲು ಕೆಡುವುದು ಕಣ್ಣು. ಇಲ್ಲದ ಪ್ರಾಣಿಯನ್ನು ಐದು ಜನ ನೋಡಬೇಕು. ಒಬ್ಬ ಎಡಕ್ಕೆ, ಇನ್ನೊಬ್ಬಳು ಮೇಲಕ್ಕೆ, ಮತ್ತೊಬ್ಬ ಕ್ಯಾಮೆರಾಮನ್ ಭುಜದ ಕಡೆಗೆ ನೋಡುತ್ತಿರುತ್ತಾರೆ. ಆಮೇಲೆ ಎಷ್ಟು ಚೆಂದದ ಮೊಸಳೆ ಕೂರಿಸಿದರೂ ಅದು ಅಲ್ಲಿ ಕೂರುವುದಿಲ್ಲ. ಇದಕ್ಕೆ ಉಲ್ಟಾ ಉದಾಹರಣೆ ನಮ್ಮವರದೇ ಇದೆ. 2012ರ ತೆಲುಗಿನ 'ಈಗ'ದಲ್ಲಿ ನಮ್ಮ ಸುದೀಪ್ ಒಂದು ನೊಣದ ಕೈಲಿ ಸಿಕ್ಕು ನರಳುತ್ತಾರೆ. ಸೆಟ್ಟಿನಲ್ಲಿ ನೊಣವೇ ಇರಲಿಲ್ಲ. ಅವರ ಕಣ್ಣು ಎಲ್ಲಿ ಹೋಗುತ್ತದೋ ಅಲ್ಲಿ ನೊಣ ಇದೆ ಅಂತ ನಾವು ನಂಬುತ್ತೇವೆ. ಬಜೆಟ್ ದೊಡ್ಡದೇ, ಆದರೆ ಆ ದೃಶ್ಯಗಳನ್ನು ಎತ್ತಿ ಹಿಡಿದದ್ದು ನಟನ ಕಣ್ಣು. ಅದಕ್ಕೆ ಹೆಚ್ಚಿನ ಖರ್ಚಿಲ್ಲ.

ಇನ್ನೊಂದು, ಗಾತ್ರ. 1972ರಲ್ಲಿ ಎಂಜಿಎಂನಂಥ ದೊಡ್ಡ ಕಂಪನಿ 'ನೈಟ್ ಆಫ್ ದಿ ಲೀಪಸ್' ಅಂತ ದೈತ್ಯ ಮೊಲಗಳ ಸಿನಿಮಾ ಮಾಡಿತು. ಸಾಕಿದ ಮೊಲಗಳನ್ನು ಪುಟಾಣಿ ಮನೆ, ಪುಟಾಣಿ ರಸ್ತೆಗಳ ಮೇಲೆ ಓಡಿಸಿ ಸ್ಲೋ ಮೋಷನ್‌ನಲ್ಲಿ ಚಿತ್ರಿಸಿದರು. ಇದರ ಹಿಂದೆ ಲೆಕ್ಕವಿದೆ. ದೊಡ್ಡ ವಸ್ತು ಬೀಳುವುದು ನಮ್ಮ ಕಣ್ಣಿಗೆ ನಿಧಾನ ಅನ್ನಿಸುತ್ತದೆ. ಹಾಗಾಗಿ ಮಾದರಿ 25 ಪಟ್ಟು ಚಿಕ್ಕದಾದರೆ ಕ್ಯಾಮೆರಾವನ್ನು 5 ಪಟ್ಟು ವೇಗವಾಗಿ, ಅಂದರೆ ಸೆಕೆಂಡಿಗೆ 120 ಫ್ರೇಮ್ ಲೆಕ್ಕದಲ್ಲಿ ಓಡಿಸಬೇಕು. ಕಟ್ಟಡ ಕುಸಿಯುವುದಕ್ಕೆ, ನೀರು ನುಗ್ಗುವುದಕ್ಕೆ ಈ ಲೆಕ್ಕ ಚೆನ್ನಾಗಿ ಒಗ್ಗುತ್ತದೆ. ಮೊಲಕ್ಕೆ ಒಗ್ಗುವುದಿಲ್ಲ. ಎಷ್ಟು ನಿಧಾನ ಮಾಡಿದರೂ ಆ ಮೂಗು ಕುಣಿಸುವುದು, ಆ ಕಿವಿ ಮೊಲದ್ದೇ. ಮೂತಿಗೆ ಕೆಂಪು ಬಳಿದರೂ ಎತ್ತಿಕೊಂಡು ಮುದ್ದು ಮಾಡೋಣ ಅನ್ನಿಸುತ್ತದೆ. ಇಡೀ ಸಿನಿಮಾದಲ್ಲಿ ಒಬ್ಬ ನಟನೂ ನಗುವುದಿಲ್ಲ, ಅದು ದೊಡ್ಡ ಮಾತು.

ಆ ನಗದೇ ಇರುವುದೇ ಈ ಸಿನಿಮಾಗಳ ಜೀವ ಅಂತ ನನ್ನ ಲೆಕ್ಕ. ಅಮೆರಿಕದ ಲೇಖಕಿ ಸೂಸನ್ ಸೊಂಟಾಗ್ 1964ರಲ್ಲೇ ಈ ಥರದ ರುಚಿಯ ಬಗ್ಗೆ ಬರೆಯುತ್ತಾ, ಗೊತ್ತಿಲ್ಲದೆ ಆದದ್ದನ್ನೂ ಬೇಕಂತಲೇ ಮಾಡಿದ್ದನ್ನೂ ಬೇರೆ ಮಾಡಿದ್ದರು. 'ಬರ್ಡೆಮಿಕ್' ಮೊದಲನೇ ಸಾಲಿನದು. ಸಾಫ್ಟ್‌ವೇರ್ ಮಾರಾಟದ ಕೆಲಸದಲ್ಲಿದ್ದ ಜೇಮ್ಸ್ ನ್ಯೂಯೆನ್ 10,000 ಡಾಲರ್‌ಗೂ ಕಡಿಮೆ ದುಡ್ಡಲ್ಲಿ ಇದನ್ನು ಮಾಡಿದರು. ಅರ್ಧ ಸಿನಿಮಾ ಪ್ರೀತಿ, ಆಫೀಸು, ಹೋಟೆಲು. ಆಮೇಲೆ ಇದ್ದಕ್ಕಿದ್ದಂತೆ ಹದ್ದುಗಳು ಗಾಳಿಯಲ್ಲಿ ಅಂಟಿಸಿದ ಹಾಗೆ ನಿಂತಲ್ಲೇ ರೆಕ್ಕೆ ಬಡಿಯುತ್ತವೆ. ಜನ ಬಟ್ಟೆ ನೇತುಹಾಕುವ ಹ್ಯಾಂಗರ್ ಬೀಸಿ ಓಡಿಸುತ್ತಾರೆ. ನನ್ನ ಕೆಲಸದವರಿಗೆ ಇದರ ಶಬ್ದವೇ ದೊಡ್ಡ ಪಾಠ. ಇಬ್ಬರು ಮಾತಾಡುವಾಗ ಒಬ್ಬರ ಶಾಟ್‌ನಲ್ಲಿ ಗಾಳಿಯ ಸದ್ದು, ಇನ್ನೊಬ್ಬರದಕ್ಕೆ ಕಟ್ ಆದ ಕೂಡಲೇ ಗಪ್‌ಚಿಪ್. ಮತ್ತೆ ಗಾಳಿ, ಮತ್ತೆ ಗಪ್‌ಚಿಪ್. ಎಲ್ಲ ಸಿನಿಮಾಗಳಲ್ಲೂ ಮಾತಿನ ಕೆಳಗೆ ಒಂದೇ ಸಮನಾದ ಹಿನ್ನೆಲೆ ಸದ್ದು ಹಾಸಿರುತ್ತೇವೆ. ಅದು ಇದೆ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಅದು ಇಲ್ಲದಿದ್ದರೆ ಏನಾಗುತ್ತದೆ ಅಂತ ತೋರಿಸಲು ನನ್ನ ಹತ್ತಿರ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ.

ಎರಡನೇ ಸಾಲಿನದು 'ಶಾರ್ಕ್‌ನೇಡೊ'. ಅಸೈಲಮ್ ಅನ್ನುವ ಕಂಪನಿ ಮಾಡಿ, 2013ರ ಜುಲೈ 11ರಂದು ಸೈಫೈ ಚಾನೆಲ್‌ನಲ್ಲಿ ಬಂತು. ಸುಂಟರಗಾಳಿ ಸಮುದ್ರದ ಶಾರ್ಕ್‌ಗಳನ್ನು ಎತ್ತಿಕೊಂಡು ಬಂದು ಲಾಸ್ ಏಂಜಲಿಸ್ ಮೇಲೆ ಸುರಿಸುತ್ತದೆ. ನಾಯಕ ಗರಗಸ ಹಿಡಿದು ಶಾರ್ಕ್ ಹೊಟ್ಟೆಯೊಳಕ್ಕೇ ನುಗ್ಗುತ್ತಾನೆ. ಆ ರಾತ್ರಿ ನೋಡಿದವರು ಸುಮಾರು 14 ಲಕ್ಷ ಜನ, ಟ್ವಿಟರ್‌ನಲ್ಲಿ ನಿಮಿಷಕ್ಕೆ 5,000 ಟ್ವೀಟ್‌ವರೆಗೂ ಹೋಯಿತು. 2018ರೊಳಗೆ ಆರು ಭಾಗ ಬಂದವು. ಮೊದಲನೆಯದರಲ್ಲಿ ಮಜಾ ಇದೆ. ಆಮೇಲಿನವು 'ನೋಡಿ, ನಾವೆಷ್ಟು ಕೆಟ್ಟದಾಗಿ ಮಾಡ್ತಿದ್ದೀವಿ' ಅಂತ ಕಣ್ಣು ಹೊಡೆಯುತ್ತಲೇ ಇರುತ್ತವೆ. ನನಗೆ ಆಕಳಿಕೆ ಬರುತ್ತದೆ. ನಿಮಗೂ ಇತ್ತೀಚೆಗೆ ಶನಿವಾರ ಬೇಜಾರಾಗುತ್ತಿದೆ ಅಂದರೆ ಇಂಥವನ್ನೇ ಜಾಸ್ತಿ ನೋಡುತ್ತಿರಬಹುದು, ಪರೀಕ್ಷಿಸಿಕೊಳ್ಳಿ.

ಈಗ ನೀವು ಕೇಳದ ವಿಷಯ. ಪ್ರಾಣಿ ಪ್ಲಾಸ್ಟಿಕ್ ಅಂತ ಬರೆದಿದ್ದೀರಿ. ಪ್ಲಾಸ್ಟಿಕ್ ಆದರೆ ಒಳ್ಳೆಯದೇ. ತೊಂದರೆ ಇರುವುದು ಪ್ಲಾಸ್ಟಿಕ್ ಅಲ್ಲದ ಕಡೆ. 1977ರ 'ಕಿಂಗ್‌ಡಮ್ ಆಫ್ ದಿ ಸ್ಪೈಡರ್ಸ್' ಸಿನಿಮಾಗೆ ಸುಮಾರು 5,000 ಜೀವಂತ ಟರಾಂಟುಲಾ ಜೇಡಗಳನ್ನು ತರಿಸಿದ್ದರು. ಅವು ನಾಚಿಕೆ ಸ್ವಭಾವದವು, ಮನುಷ್ಯರನ್ನು ಕಂಡರೆ ಓಡುತ್ತವೆ. ಈ ಜೇಡಗಳು ಕಚ್ಚಿದರೂ ಮನುಷ್ಯ ಸಾಯುವುದಿಲ್ಲ. ಗಾಡಿ ಹರಿಯುವ, ಬೂಟುಗಾಲಲ್ಲಿ ತುಳಿಯುವ ದೃಶ್ಯಗಳಲ್ಲಿ ಸಾಯುವವು ನಿಜವಾದ ಜೇಡಗಳು. ಅದೇ ವರ್ಷದ 'ಟಿಂಟೊರೆರಾ'ದಲ್ಲಿ ಕ್ಯಾಮೆರಾ ಮುಂದೆಯೇ ನಿಜವಾದ ಶಾರ್ಕ್‌ಗಳನ್ನು ಕೊಂದಿದ್ದಾರೆ. ಅದು ನನಗೆ ನೋಡಲಾಗದ ಸಿನಿಮಾ. ನಮ್ಮಲ್ಲಿ ಇದಕ್ಕೆ ಕಾನೂನಿನ ತಡೆ ಇದೆ. ಕರಡಿ, ಕೋತಿ, ಹುಲಿ, ಚಿರತೆ, ಸಿಂಹಗಳನ್ನು ಪ್ರದರ್ಶನಕ್ಕೆ ಬಳಸುವಂತಿಲ್ಲ ಅಂತ 1998ರಲ್ಲೇ ಕೇಂದ್ರದ ಅಧಿಸೂಚನೆ ಬಂತು. ಬೇರೆ ಪ್ರಾಣಿ ಬಳಸಲೂ 2001ರ ನಿಯಮಗಳ ಪ್ರಕಾರ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಬೇಕು. ಕನ್ನಡ ಸಿನಿಮಾದಲ್ಲಿ ಹಸುವೋ ಹಾವೋ ಕಂಡಾಗ ಮೂಲೆಯಲ್ಲಿ 'ಗ್ರಾಫಿಕ್ಸ್' ಅಂತ ಅಕ್ಷರ ಬರುತ್ತದಲ್ಲ, ಅದರ ಹಿಂದಿನ ಕಥೆ ಇದು. ನೋಡುವಾಗ ಕಿರಿಕಿರಿ ಅನ್ನಿಸಿದರೂ ಅದು ಇರಲಿ ಅನ್ನುವವನು ನಾನು.

ಇನ್ನೊಂದು ಹಾನಿ ಕಣ್ಣಿಗೆ ಕಾಣುವುದಿಲ್ಲ. ಫ್ಲೋರಿಡಾದಲ್ಲಿರುವ ಶಾರ್ಕ್ ದಾಳಿಗಳ ಅಂತರರಾಷ್ಟ್ರೀಯ ದಾಖಲೆ ಪ್ರಕಾರ ಜನರು ಕೆಣಕದೆಯೇ ಶಾರ್ಕ್ ಕಚ್ಚಿದ ಪ್ರಕರಣಗಳು ಇಡೀ ಪ್ರಪಂಚದಲ್ಲಿ ವರ್ಷಕ್ಕೆ ಸರಾಸರಿ 60ರಿಂದ 70. ಸತ್ತವರು ಹೆಚ್ಚಿನ ವರ್ಷಗಳಲ್ಲಿ ಹತ್ತಕ್ಕಿಂತ ಕಡಿಮೆ. ಮನುಷ್ಯರ ಕೈಯಲ್ಲಿ ಸಾಯುವ ಶಾರ್ಕ್‌ಗಳು ವರ್ಷಕ್ಕೆ ಸುಮಾರು 10 ಕೋಟಿ ಅಂತ 2013ರ ಒಂದು ಅಂದಾಜು. ಇದರಲ್ಲಿ ಹೆಚ್ಚಿನದು ಮೀನುಗಾರಿಕೆ, ರೆಕ್ಕೆಯ ವ್ಯಾಪಾರ. ಸಿನಿಮಾವೇ ಕಾರಣ ಅನ್ನಲಾಗುವುದಿಲ್ಲ. ಆದರೆ ಕೊಂದರೂ ಯಾರೂ ಅಯ್ಯೋ ಅನ್ನದ ಹಾಗೆ ಮಾಡಿದ್ದರಲ್ಲಿ ಸಿನಿಮಾದ ಪಾಲಿದೆ. 'ಜಾಸ್' ಕಾದಂಬರಿ ಬರೆದ ಪೀಟರ್ ಬೆಂಚ್ಲಿ ಉಳಿದ ಬದುಕಿನ ದೊಡ್ಡ ಭಾಗವನ್ನು ಸಮುದ್ರ ಜೀವಿಗಳ ರಕ್ಷಣೆಗೆ ಕೊಟ್ಟರು. ಆ ಸಿನಿಮಾದ ನಿರ್ದೇಶಕ ಸ್ಪೀಲ್‌ಬರ್ಗ್ 2022ರಲ್ಲಿ ಬಿಬಿಸಿ ಸಂದರ್ಶನದಲ್ಲಿ ಶಾರ್ಕ್‌ಗಳ ಸಂಖ್ಯೆ ಕುಸಿದದ್ದಕ್ಕೆ ವಿಷಾದ ಹೇಳಿಕೊಂಡರು. ಪಿರಾನ್ಹಾ ಮೀನಿನ ಕೆಟ್ಟ ಹೆಸರು ಇನ್ನೂ ಹಳೆಯದು. ಅಮೆರಿಕದ ಮಾಜಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ 1914ರಲ್ಲಿ ಬರೆದ ಪ್ರವಾಸ ಪುಸ್ತಕದಿಂದ ಅದು ಊರೆಲ್ಲ ಹಬ್ಬಿತು. ನಿಜದಲ್ಲಿ ಅವು ಹೆಚ್ಚಾಗಿ ಸತ್ತದ್ದು, ಗಾಯಗೊಂಡದ್ದು ತಿನ್ನುವ ಮೀನು. ಗುಂಪಾಗಿ ಈಜುವುದು ತಮ್ಮ ಜೀವ ಉಳಿಸಿಕೊಳ್ಳಲು.

ನಾವು ಅಮೆರಿಕದವರನ್ನು ನೋಡಿ ನಗುವುದು ಬೇಡ. 'ಹಾವಿನ ದ್ವೇಷ ಹನ್ನೆರಡು ವರ್ಷ' ಅಂತ ಹೇಳಿಕೊಂಡು ಬಂದವರು ನಾವು. ಸೇಡು ತೀರಿಸಿಕೊಳ್ಳುವ ನಾಗಿಣಿಯರನ್ನು ಭಾರತದ ಸಿನಿಮಾಗಳು ಎಷ್ಟು ತೋರಿಸಿವೆಯೋ ಲೆಕ್ಕವಿಲ್ಲ. ಮುಖ ನೆನಪಿಟ್ಟುಕೊಂಡು ಹುಡುಕಿ ಬರುವ ಶಕ್ತಿ ಹಾವಿಗಿಲ್ಲ. ಆದರೆ ನಮ್ಮಲ್ಲಿ ಹಾವಿನ ಕಡಿತ ಕಟ್ಟುಕಥೆಯಲ್ಲ. 2000ರಿಂದ 2019ರವರೆಗೆ ದೇಶದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಅದರಿಂದ ಸತ್ತಿದ್ದಾರೆ ಅಂತ 2020ರ ಅಧ್ಯಯನವೊಂದು ಅಂದಾಜು ಮಾಡಿದೆ. ಕರ್ನಾಟಕ 2024ರಲ್ಲಿ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಲೇಬೇಕು ಅಂತ ಆದೇಶಿಸಿತು. ಹೊಲದಲ್ಲಿ ಬೂಟು, ಕೈಯಲ್ಲಿ ಟಾರ್ಚು, ತಡಮಾಡದೆ ಆಸ್ಪತ್ರೆ: ಇದನ್ನು ಯಾವ ನಾಗಿಣಿ ಸಿನಿಮಾವೂ ಹೇಳುವುದಿಲ್ಲ. ಪರದೆಯ ಹಾವಿಗೆ ಹೆದರುವ ನಾವು ಗದ್ದೆಯ ಹಾವಿಗೆ ಬರಿಗಾಲಲ್ಲಿ ಹೋಗುತ್ತೇವೆ.

ಮಗಳ ವಿಷಯಕ್ಕೆ ಬರೋಣ. ನಾನು ಮನೋವೈದ್ಯನಲ್ಲ, ಆದರೆ ಮಕ್ಕಳು ಪರದೆಗೆ ಹೆದರುವುದರ ಬಗ್ಗೆ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜೋಆನ್ ಕ್ಯಾಂಟರ್ ಮಾಡಿದ ಕೆಲಸ ನಮ್ಮ ವೃತ್ತಿಯವರೆಲ್ಲ ಓದಬೇಕಾದದ್ದು. ಚಿಕ್ಕಂದಿನಲ್ಲಿ ನೋಡಿದ ಒಂದು ದೃಶ್ಯ ಕೆಲವರಲ್ಲಿ ದೊಡ್ಡವರಾದ ಮೇಲೂ ಉಳಿದಿರುತ್ತದೆ. ಶಾರ್ಕ್ ಸಿನಿಮಾ ನೋಡಿ ಕೊಳಕ್ಕೂ ಇಳಿಯದವರು ಅದರಲ್ಲಿ ಸಾಮಾನ್ಯ. ತೀರಾ ಚಿಕ್ಕ ಮಕ್ಕಳಿಗೆ 'ಅದು ಸುಳ್ಳು ಪುಟ್ಟಾ' ಅಂದರೆ ನಾಟುವುದಿಲ್ಲ. ಕಣ್ಣಿಗೆ ಕಂಡದ್ದೇ ಅವರಿಗೆ ನಿಜ. ತಬ್ಬಿಕೊಳ್ಳುವುದು, ಜೊತೆಯಲ್ಲಿರುವುದು ಕೆಲಸ ಮಾಡುತ್ತದೆ. ಎಂಟರ ಆಸುಪಾಸಿನಿಂದ ವಿವರಣೆಯೂ ನಾಟಲು ಶುರುವಾಗುತ್ತದೆ. ನಿಮ್ಮ ಮಗಳು ಎರಡರ ನಡುವೆ ಇದ್ದಾಳೆ, ಎರಡನ್ನೂ ಮಾಡಿ.

ಕೆಲವು ಅಪ್ಪಂದಿರು ಭಯ ಬಿಡಿಸಲು ಅದೇ ದೃಶ್ಯವನ್ನು ಮತ್ತೆ ಹಾಕಿ ತೋರಿಸುತ್ತಾರೆ. ಬೇಡ. ನೀರಿಗೆ ಎಳೆದುಕೊಂಡು ಹೋಗುವುದೂ ಬೇಡ. ಕಾಗದದಲ್ಲಿ ಅಥವಾ ಹಳೇ ಕಾಲುಚೀಲದಲ್ಲಿ ಅವಳ ಕೈಯಿಂದಲೇ ಒಂದು ಶಾರ್ಕ್ ಮಾಡಿಸಿ. ಬಕೆಟ್ ನೀರಲ್ಲಿ ಆಡಿಸಿ, ನಿಮ್ಮ ಮೊಬೈಲಲ್ಲಿ ಅವಳೇ ಚಿತ್ರಿಸಲಿ. ಹಲ್ಲು ಅಂಟಿಸಿದವಳಿಗೆ ಆ ಹಲ್ಲಿನ ಭಯ ಕಡಿಮೆಯಾಗುತ್ತದೆ. 'ನೀರಲ್ಲಿ ಏನೂ ಇಲ್ಲ' ಅಂತ ಮಾತ್ರ ಹೇಳಬೇಡಿ. ಸೂಳೆಕೆರೆಯಲ್ಲಿ ಶಾರ್ಕ್ ಇಲ್ಲ ಅನ್ನುವುದು ನಿಜ, ಆದರೆ ತುಂಗಭದ್ರೆಯಲ್ಲಿ ಮೊಸಳೆ ಇದೆ. ಒಮ್ಮೆ ಸುಳ್ಳು ಅಂತ ಗೊತ್ತಾದರೆ ಮುಂದಿನ ಮಾತನ್ನು ನಂಬುವುದಿಲ್ಲ. ಸಾಧ್ಯವಾದರೆ ರಜೆಯಲ್ಲಿ ರಂಗನತಿಟ್ಟಿಗೆ ಕರೆದುಕೊಂಡು ಹೋಗಿ. ದೋಣಿಯಿಂದ ನೋಡಿದರೆ ಬಂಡೆಯ ಮೇಲೆ ಬಾಯಿ ತೆರೆದು ಬಿಸಿಲು ಕಾಯುವ ಮೊಸಳೆ ಕಾಣುತ್ತದೆ. ಎಷ್ಟು ಹೊತ್ತು ನೋಡಿದರೂ ಅದು ಮಿಸುಕುವುದಿಲ್ಲ. ನಿದ್ದೆಗೆಡುವುದು, ಸ್ನಾನಕ್ಕೂ ಹೆದರುವುದು ಕೆಲವು ವಾರ ಕಳೆದರೂ ನಿಲ್ಲದಿದ್ದರೆ ಮಕ್ಕಳ ಆಪ್ತಸಮಾಲೋಚಕರನ್ನು ನೋಡಿ. ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಬಿಡಬೇಕಾ ಅಂತ ಕೇಳಿದ್ದೀರಿ. ಬಿಟ್ಟರೆ ಮನೆಯಲ್ಲಿ ಶಾಂತಿ, ಆದರೆ ಕಾರಣವಿಲ್ಲದೆ ಬಿಟ್ಟದ್ದು ಇನ್ನೊಂದು ರೂಪದಲ್ಲಿ ವಾಪಸ್ ಬರುತ್ತದೆ. ಈಗಿನ ಹಾಗೆ ಒಬ್ಬರೇ ಕದ್ದು ನೋಡುವುದರಲ್ಲಿ ಅಪಾಯ ನಿಮಗಿಂತ ಮಗಳಿಗೆ ಜಾಸ್ತಿ. ಕಿವಿಗೆ ಹೆಡ್‌ಫೋನ್ ಹಾಕಿದವರಿಗೆ ಹಿಂದೆ ಯಾರು ಬಂದರೂ ಗೊತ್ತಾಗುವುದಿಲ್ಲ. ಬಾಗಿಲಿಗೆ ಮುಖ ಮಾಡಿ ಕೂತುಕೊಳ್ಳಿ, ಪರದೆಯ ಬೆನ್ನು ಬಾಗಿಲ ಕಡೆ ಇರಲಿ. ಟೆಲಿಗ್ರಾಮ್ ಲಿಂಕುಗಳಲ್ಲಿ ಸಿಗುವ ಕದ್ದ ಪ್ರತಿಗಳನ್ನು ಮುಟ್ಟಬೇಡಿ. ಹಣದ ನಷ್ಟ ಆ ಬಡ ಸಿನಿಮಾದವರಿಗೆ, ವೈರಸ್ ನಿಮಗೆ.

ನನ್ನನ್ನು ಕೇಳಿದರೆ ಸೊಸೈಟಿಯವರ ಜೊತೆ ನೋಡಿ. ಕೆಲವರು ನಿಮ್ಮನ್ನು ಆಡಿಕೊಳ್ಳಬಹುದು, ಅದು ಇದ್ದದ್ದೇ. ಇನ್ನೊಂದು ಅಪಾಯ ಅಂದರೆ ಎಲ್ಲರೂ ಸೇರಿ ಬರೀ ಗೇಲಿ ಮಾಡಿ ಎದ್ದು ಹೋಗುವುದು. ಹಾಗಾಗದಂತೆ ಮೊದಲು 'ಓಪನ್ ವಾಟರ್' ಹಾಕಿ, ಎಲ್ಲರೂ ಸುಮ್ಮನಾಗುತ್ತಾರೆ. ಮುಂದಿನ ತಿಂಗಳು ಸುಂಡಿಲಿ ಸಿನಿಮಾ ಹಾಕಿ. ನಾಯಿ ಯಾವ ಶಾಟ್‌ನಲ್ಲಿ ಮುಗಿದು ಬೊಂಬೆ ಎಲ್ಲಿ ಶುರುವಾಗುತ್ತದೆ ಅಂತ ಪೇಪರ್ ಮೇಲೆ ಗುರುತು ಹಾಕಲು ಹೇಳಿ. ನನ್ನ ತರಗತಿಯಲ್ಲಿ ಮಾಡಿಸುವುದು ಇದನ್ನೇ. ಹಿಂದಿಯದು ಬೇಕು ಅಂದರೆ ಧರ್ಮೇಂದ್ರ ಶಾರ್ಕ್ ಜೊತೆ ಸೆಣಸುವ 'ಆತಂಕ್' (1996) ಇದೆ. ಅದಕ್ಕೆ ಪೇಪರ್ ಬೇಡ, ಮಂಡಕ್ಕಿ ಸಾಕು. ನಿಮ್ಮ ಮನೆಯವರನ್ನೂ ಕರೆಯಿರಿ. ಬರದಿದ್ದರೆ ಒತ್ತಾಯ ಮಾಡಬೇಡಿ, ಮೊಲದ ಸಿನಿಮಾ ಹಾಕುವ ದಿನ ಇನ್ನೊಮ್ಮೆ ಕೇಳಿ ನೋಡಿ.